ಸುಂಕ ಬಿದ್ದದ್ದು ವಾಷಿಂಗ್ ಮಷಿನ್‌ಗೆ, ತುಟ್ಟಿಯಾದದ್ದು ಡ್ರೈಯರ್ ಕೂಡ

2018ರ ಆರಂಭದಲ್ಲಿ ಅಮೆರಿಕ, ಆಮದಾಗುವ ವಾಷಿಂಗ್ ಮಷಿನ್‌ಗಳ ಮೇಲೆ ಸುಂಕ ಹೇರಿತು. ವರ್ಷದ ಮೊದಲ 12 ಲಕ್ಷ ಯಂತ್ರಗಳಿಗೆ ಶೇ 20, ಅದಕ್ಕೂ ಮೀರಿ ಬಂದವಕ್ಕೆ ಶೇ 50. ಅಂಗಡಿಯಲ್ಲಿ ಮಷಿನ್ ಬೆಲೆ ಶೇ 12ರಷ್ಟು ಏರಿತು. ಅದರಲ್ಲಿ ಅಚ್ಚರಿಯಿಲ್ಲ. ಆದರೆ ಸುಂಕವೇ ಇಲ್ಲದ, ಬಟ್ಟೆ ಒಣಗಿಸುವ ಡ್ರೈಯರ್ ಕೂಡ ಹೆಚ್ಚುಕಡಿಮೆ ಅಷ್ಟೇ ತುಟ್ಟಿಯಾಯಿತು! ಅಲ್ಲಿನವರು ಎರಡನ್ನೂ ಜೋಡಿಯಾಗಿ ಕೊಳ್ಳುವುದರಿಂದ ಮಾರುವವರು ಹೊರೆಯನ್ನು ಎರಡರ ಮೇಲೂ ಹಂಚಿದ್ದರು. ಅಮೆರಿಕದೊಳಗೇ ತಯಾರಾದ ಯಂತ್ರಗಳ ಬೆಲೆಯೂ ಸುಮ್ಮನಿರಲಿಲ್ಲ. ಪೈಪೋಟಿಯವನು ಏರಿಸಿದ ಮೇಲೆ ಇಳಿಸಿ ಮಾರಲು ಯಾರಿಗೆ ಹುಚ್ಚು? ಸುಮಾರು 1,800 ಉದ್ಯೋಗಗಳು ಹುಟ್ಟಿದವು ನಿಜ. ಒಂದೊಂದು ಉದ್ಯೋಗಕ್ಕೂ ಗ್ರಾಹಕರು ವರ್ಷಕ್ಕೆ ತೆತ್ತದ್ದು 8 ಲಕ್ಷ ಡಾಲರ್‌ಗೂ ಹೆಚ್ಚು ಎಂದು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು.

ಸುಂಕವನ್ನು ಹೊರದೇಶ ಕಟ್ಟುತ್ತದೆ ಎಂಬ ಮಾತು ಭಾಷಣಕ್ಕೆ ಚೆನ್ನ. ಬಂದರಿನಲ್ಲಿ ಹಣ ಕಟ್ಟುವವನು ಆಮದುದಾರ. ಅವನು ತನ್ನ ಲಾಭ ಕಡಿಮೆ ಮಾಡಿಕೊಳ್ಳಬಹುದು, ಮಾರಿದವನ ಹತ್ತಿರ ಚೌಕಾಸಿ ಮಾಡಬಹುದು. ಉಳಿದದ್ದು ಕೊಳ್ಳುವವರ ತಲೆಗೆ.

ಈ ಜಗಳ ಹಳೆಯದು. ಬ್ರಿಟನ್ 1815ರಲ್ಲಿ ತಂದ ಧಾನ್ಯ ಕಾಯ್ದೆ, ದೇಶದೊಳಗಿನ ಗೋಧಿ ಬೆಲೆ ಕ್ವಾರ್ಟರ್ ಎಂಬ ಆಗಿನ ಧಾನ್ಯದ ಅಳತೆಗೆ 80 ಷಿಲಿಂಗ್ ಮುಟ್ಟುವ ತನಕ ಹೊರಗಿನ ಗೋಧಿಯ ಮಾರಾಟಕ್ಕೆ ಬಿಡುತ್ತಿರಲಿಲ್ಲ. ಜಮೀನ್ದಾರರಿಗೆ ಸುಗ್ಗಿ, ಬ್ರೆಡ್ ಕೊಂಡು ತಿನ್ನುವ ಕಾರ್ಮಿಕರಿಗೆ ಬರ. 1846ರಲ್ಲಿ ಪ್ರಧಾನಿ ರಾಬರ್ಟ್ ಪೀಲ್ ಕಾಯ್ದೆಯನ್ನು ರದ್ದು ಮಾಡಿಸಿದರು, ಅವರ ಪಕ್ಷ ಒಡೆಯಿತು.

ಆಮದು ಸುಂಕ ಏರಿಸುವ 1930ರ ಸ್ಮೂಟ್-ಹಾಲೆ ಕಾಯ್ದೆಗೆ ಸಹಿ ಹಾಕಬೇಡಿ ಎಂದು ಸಾವಿರಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರು ಅಮೆರಿಕದ ಅಧ್ಯಕ್ಷ ಹೂವರ್ ಅವರನ್ನು ಕೇಳಿಕೊಂಡಿದ್ದರು. ಅವರು ಹಾಕಿದರು. ಕೆನಡಾ ಮತ್ತು ಯುರೋಪಿನ ದೇಶಗಳು ತಿರುಗೇಟು ಕೊಟ್ಟವು. ಮಹಾ ಆರ್ಥಿಕ ಕುಸಿತಕ್ಕೆ ಈ ಕಾಯ್ದೆಯೇ ಕಾರಣ ಎನ್ನುವುದು ಅತಿಯಾಯಿತು, ಕುಸಿತ ಮೊದಲೇ ಶುರುವಾಗಿತ್ತು. ಆದರೆ ಗಾಯಕ್ಕೆ ಉಪ್ಪು ಸವರಿದ್ದಂತೂ ಹೌದು. ಅನೇಕ ಸುಂಕಗಳು ಪೌಂಡ್ ತೂಕಕ್ಕೆ ಇಷ್ಟು ಸೆಂಟ್ ಎಂದು ನಿಗದಿಯಾಗಿದ್ದವು. ಸರಕಿನ ಬೆಲೆ ಕುಸಿದಂತೆಲ್ಲ, ಯಾರೂ ಕಾಯ್ದೆ ಮುಟ್ಟದಿದ್ದರೂ ಸುಂಕದ ಭಾರ ತಾನಾಗಿಯೇ ಬೆಳೆಯಿತು. ಇದರಿಂದ ಪಾಠ ಕಲಿತೇ 1947ರಲ್ಲಿ 23 ದೇಶಗಳು ಸುಂಕ ಇಳಿಸಿಕೊಳ್ಳುವ ಗ್ಯಾಟ್ ಒಪ್ಪಂದಕ್ಕೆ ಬಂದವು. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಬಂತು.

ಒಮ್ಮೆ ಬಂದ ಸುಂಕ ಸುಲಭವಾಗಿ ಹೋಗುವುದಿಲ್ಲ. ಅಮೆರಿಕದ ಕೋಳಿಮಾಂಸಕ್ಕೆ ಯುರೋಪ್ ಸುಂಕ ಏರಿಸಿದ್ದಕ್ಕೆ, ಅಮೆರಿಕ 1964ರಲ್ಲಿ ಸಣ್ಣ ಟ್ರಕ್‌ಗಳ ಮೇಲೆ ಶೇ 25 ಹಾಕಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೋಳಿ ಜಗಳ ಎಲ್ಲರಿಗೂ ಮರೆತುಹೋಗಿದೆ, ಟ್ರಕ್ ಸುಂಕ ಆರು ದಶಕ ದಾಟಿ ಬದುಕಿದೆ.

ನನಗೆ ಕಾಣುವಂತೆ, ಸುಂಕ ಎಷ್ಟು ಎಂಬುದಕ್ಕಿಂತ ಅದು ನಾಳೆಯೂ ಅಷ್ಟೇ ಇರುತ್ತದೆಯೇ ಎಂಬುದು ಹೆಚ್ಚು ಕಾಡುವ ಪ್ರಶ್ನೆ. 2025ರ ಏಪ್ರಿಲ್‌ನಲ್ಲಿ ಚೀನಾದ ಸರಕಿನ ಮೇಲೆ ಅಮೆರಿಕ ಹೊಸದಾಗಿ ಹೇರಿದ ಸುಂಕ ಶೇ 145ಕ್ಕೆ ಜಿಗಿಯಿತು, ಮೇ ಮಧ್ಯದಲ್ಲಿ ಶೇ 30ಕ್ಕೆ ಇಳಿಯಿತು. ಹಡಗು ಸಾಗರ ದಾಟುವಷ್ಟರಲ್ಲಿ ಲೆಕ್ಕವೇ ಬದಲು. ಅದಕ್ಕೂ ಮೊದಲು, ಸುಂಕದ ಭಯಕ್ಕೆ ವ್ಯಾಪಾರಿಗಳು ದಾಸ್ತಾನು ಪೇರಿಸಿದ್ದರಿಂದ ವರ್ಷದ ಮೊದಲ ಮೂರು ತಿಂಗಳಲ್ಲಿ ಅಮೆರಿಕದ ಆಮದು ಉಕ್ಕಿ, ಆಮದನ್ನು ಕಳೆದು ಹಾಕುವ ಜಿಡಿಪಿ ಲೆಕ್ಕ ಕುಗ್ಗಿತ್ತು. ಕಾರ್ಖಾನೆ ಕಟ್ಟಲು ವರ್ಷಗಳು ಬೇಕು. ದರ ವಾರಕ್ಕೊಮ್ಮೆ ಬದಲಾಗುವಾಗ ಬಂಡವಾಳ ಹೂಡಬೇಕಾದವರು ಕೈಕಟ್ಟಿ ಕಾಯುತ್ತಾರೆ.

ವಾಷಿಂಗ್ ಮಷಿನ್ ಮೇಲಿನ ಆ ಸುಂಕ 2023ರ ಫೆಬ್ರುವರಿಯಲ್ಲಿ ಅವಧಿ ಮುಗಿದು ಹೋಯಿತು.