ಭ್ರೂಣದ ಅಭಿಧಮನಿಗಳ ಅಳತೆ: ಸಹಜ ಮಿತಿ ಕಟ್ಟುವ ಬಗೆ

5 ಮಿ.ಮೀ. ವ್ಯಾಸದ ಹೊಕ್ಕುಳ ಅಭಿಧಮನಿಯನ್ನು (ಮಾಸುವಿನಿಂದ ಭ್ರೂಣಕ್ಕೆ ರಕ್ತ ತರುವ ನಾಳ) 5.5 ಎಂದು ಬರೆದುಕೊಂಡರೆ ವ್ಯಾಸದಲ್ಲಿ ತಪ್ಪು ಶೇ. 10 ಅಷ್ಟೇ. ಹರಿವಿನ ಲೆಕ್ಕದಲ್ಲಿ ವ್ಯಾಸದ ವರ್ಗ ಬರುವುದರಿಂದ ಅಲ್ಲಿ ಅದು ಶೇ. 21 ಆಗುತ್ತದೆ. ಆದ್ದರಿಂದ ಸಂಖ್ಯಾಶಾಸ್ತ್ರ ಆಮೇಲೆ, ಕ್ಯಾಲಿಪರ್ (ಪರದೆಯ ಮೇಲಿನ ಅಳತೆ ಗುರುತು) ಎಲ್ಲಿಡಬೇಕೆಂಬುದು ಮೊದಲು.

ಹೊಕ್ಕುಳ ಅಭಿಧಮನಿಯನ್ನು ಭ್ರೂಣದ ಹೊಟ್ಟೆಯೊಳಗೆ, ಯಕೃತ್ತಿಗೆ ಕವಲೊಡೆಯುವ ಮುಂಚಿನ ನೇರ ಭಾಗದಲ್ಲಿ ಅಳೆಯಿರಿ. ಅಲ್ಟ್ರಾಸೌಂಡ್ ಕಿರಣ ಗೋಡೆಗೆ ಲಂಬವಾಗಿ ಬೀಳಲಿ. ಕಿರಣದ ದಿಕ್ಕಿನಲ್ಲೇ ಚಿತ್ರದ ಸ್ಪಷ್ಟತೆ ಹೆಚ್ಚು. ಚಿತ್ರವನ್ನು ಹಿಗ್ಗಿಸಿ, ಗೇನ್ (ಪ್ರತಿಧ್ವನಿಯ ವರ್ಧನೆ) ಇಳಿಸಿ, ಒಳಗೋಡೆಯಿಂದ ಒಳಗೋಡೆಗೆ ಅಳೆಯಿರಿ. ಗೇನ್ ಹೆಚ್ಚಾದರೆ ಗೋಡೆ ದಪ್ಪವಾಗಿ ಕಂಡು ನಾಳ ಕಿರಿದಾಗುತ್ತದೆ. ಕಲರ್ ಡಾಪ್ಲರ್ (ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ವಿಧಾನ) ಹಚ್ಚಿಕೊಂಡೇ ಅಳೆದರೆ ಬಣ್ಣ ಗೋಡೆಯಾಚೆ ಚೆಲ್ಲಿ ನಾಳ ಅಗಲವಾಗುತ್ತದೆ. ಭ್ರೂಣ ಉಸಿರಾಟದ ಚಲನೆ ಮಾಡುತ್ತಿದ್ದರೆ ಅದು ನಿಲ್ಲುವ ತನಕ ಕಾಯಲೇಬೇಕು. ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ರಕ್ತದ ವೇಗಕ್ಕೆ ಮಾತ್ರ ಕಿರಣ ಹರಿವಿನ ದಿಕ್ಕಿನಲ್ಲಿರಬೇಕು. ವ್ಯಾಸ, ವೇಗ ಎರಡನ್ನೂ ಒಂದೇ ಚಿತ್ರದಿಂದ ತೆಗೆಯುವುದು ಹೊಸಬರು ಪದೇಪದೇ ಮಾಡುವ ತಪ್ಪು.

ಹೊಕ್ಕುಳ ಅಭಿಧಮನಿಯ ರಕ್ತವನ್ನು ಯಕೃತ್ತು ದಾಟಿಸಿ ಹೃದಯದ ಕಡೆಗೆ ಒಯ್ಯುವ ಡಕ್ಟಸ್ ವಿನೋಸಸ್‌ನ ಕಿರಿದಾದ ಬಾಯಿ 2 ಮಿ.ಮೀ. ದಾಟುವುದು ಅಪರೂಪ. ಅಷ್ಟು ಸಣ್ಣ ನಾಳದಲ್ಲಿ ವ್ಯಾಸವನ್ನು ನಂಬುವುದು ಕಷ್ಟ. ಅದಕ್ಕೇ ಅಲ್ಲಿ ಅಗಲಕ್ಕಿಂತ ಡಾಪ್ಲರ್ ಅಲೆಯ ಆಕಾರಕ್ಕೆ ಬೆಲೆ.

ಎಡ ಬ್ರಾಕಿಯೊಸೆಫಾಲಿಕ್ ಅಭಿಧಮನಿ (ತಲೆ ಮತ್ತು ಎಡತೋಳಿನ ರಕ್ತವನ್ನು ಹೃದಯದ ಕಡೆಗೆ ಒಯ್ಯುವ ನಾಳ) ಬೇಕಿದ್ದರೆ ಮೂರು ನಾಳ ಹಾಗೂ ಶ್ವಾಸನಾಳ ಕಾಣುವ ನೋಟದಿಂದ ಪ್ರೋಬನ್ನು ತಲೆಯ ಕಡೆಗೆ ತುಸು ಸರಿಸಿ. ಎದೆಯಲ್ಲಿನ ಗ್ರಂಥಿಯಾದ ಥೈಮಸ್‌ನ ಹಿಂದೆ ಎಡದಿಂದ ಬಲಕ್ಕೆ ಅಡ್ಡಹಾಯುವ ನಾಳವೇ ಅದು. ಮಿದುಳಿನ ಗೇಲನ್ ಅಭಿಧಮನಿಯ ವಿರೂಪದಲ್ಲಿ ಈ ಬ್ರಾಕಿಯೊಸೆಫಾಲಿಕ್ ನಾಳ ಹಿಗ್ಗುತ್ತದೆ. ಭ್ರೂಣ ಬೆಳೆಯುವಾಗ ಸಾಮಾನ್ಯವಾಗಿ ಮರೆಯಾಗುವ ಎಡ ಮೇಲ್ಮಹಾಸಿರೆ ಉಳಿದುಕೊಂಡಿದ್ದರೆ ಹಲವು ವೇಳೆ ಸಣ್ಣದಾಗಿರುತ್ತದೆ, ಇಲ್ಲವೇ ಕಾಣುವುದೇ ಇಲ್ಲ.

ಇನ್ನು ಸಹಜ ಮಿತಿ, ಅಂದರೆ ಪ್ರತಿ ವಾರಕ್ಕೆ ಸಹಜವೆನ್ನುವ ಅಳತೆಯ ವ್ಯಾಪ್ತಿ, ಕಟ್ಟುವ ಕೆಲಸ. ಗರ್ಭಾವಧಿಯನ್ನು ಮೊದಲ ತ್ರೈಮಾಸಿಕದ ತಲೆ-ಪೃಷ್ಠ ಉದ್ದದಿಂದಲೇ ನಿಗದಿಪಡಿಸಿ. ವಾರದ ಲೆಕ್ಕ ತಪ್ಪಿದರೆ ಆ ತಪ್ಪು ಅಳತೆಯ ಹರಡುವಿಕೆಯೊಳಗೆ ಸೇರಿ ಮಿತಿ ಸುಮ್ಮನೆ ಅಗಲವಾಗುತ್ತದೆ. ಪ್ರತಿ ಭ್ರೂಣ ಒಂದೇ ಸಲ ಲೆಕ್ಕಕ್ಕೆ ಬರಲಿ. ಒಂದೇ ಭ್ರೂಣವನ್ನು ಹಲವು ವಾರ ಅಳೆಯುವುದಾದರೆ ಅದಕ್ಕೆ ಬೇರೆಯದೇ ಆದ ದೀರ್ಘಾವಧಿ ಮಾದರಿ ಬೇಕು. ತೊಂದರೆಯ ಶಂಕೆಯಿಂದ ಬಂದ ಗರ್ಭಿಣಿಯರನ್ನು ಸೇರಿಸಬೇಡಿ. ಹಾಗೆಂದು ಮುಂದೆ ಕಡಿಮೆ ತೂಕದ ಮಗು ಹೆತ್ತವರನ್ನೆಲ್ಲ ಆಮೇಲೆ ಹೊರಗಿಟ್ಟರೆ ಉಳಿಯುವುದು ಸಹಜಕ್ಕಿಂತಲೂ ಸೋಸಿದ ಗುಂಪು. ಎರಡು ತುದಿಯ ವಾರಗಳಲ್ಲಿ ಅಳತೆಗಳು ವಿರಳವಾದರೆ ರೇಖೆ ಅಲ್ಲೇ ಅಲುಗಾಡುತ್ತದೆ.

ವಾರ ಕಳೆದಂತೆ ಸರಾಸರಿಯ ಜೊತೆಗೆ ಹರಡುವಿಕೆಯೂ ಬೆಳೆಯಬಹುದು. ಆಲ್ಟ್‌ಮನ್ ಮತ್ತು ಚಿಟ್ಟಿ 1994ರಲ್ಲಿ ವಿವರಿಸಿದ ಕ್ರಮದಲ್ಲಿ ಮಾನಕ ವಿಚಲನೆಗೂ (ಹರಡುವಿಕೆಯ ಅಳತೆ) ವಾರಕ್ಕೆ ತಕ್ಕ ಸಮೀಕರಣ ಕಟ್ಟುತ್ತಾರೆ. ಸರಾಸರಿಗೆ 1.645 ಮಾನಕ ವಿಚಲನೆ ಕೂಡಿಸಿದರೆ 95ನೇ ಪರ್ಸೆಂಟೈಲ್ (ಶೇ. 95 ಅಳತೆಗಳು ಇದರ ಕೆಳಗಿರುತ್ತವೆ), ಕಳೆದರೆ 5ನೆಯದು. ಇಬ್ಬರು ಪರೀಕ್ಷಕರ ಅಳತೆಯನ್ನು, ಒಟ್ಟಿಗೆ ಏರಿಳಿಯುವುದನ್ನಷ್ಟೇ ತೋರಿಸುವ ಕೋರಿಲೇಷನ್‌ನಿಂದ ಹೋಲಿಸಬೇಡಿ: ಒಬ್ಬರು ಸದಾ 0.5 ಮಿ.ಮೀ. ಹೆಚ್ಚು ಅಳೆದರೂ ಕೋರಿಲೇಷನ್ 1 ಬರುತ್ತದೆ. ಬ್ಲ್ಯಾಂಡ್-ಆಲ್ಟ್‌ಮನ್ ನಕ್ಷೆ (ಇಬ್ಬರ ಅಳತೆಯ ವ್ಯತ್ಯಾಸವನ್ನು ಅವುಗಳ ಸರಾಸರಿಯೆದುರು ಗುರುತಿಸುವುದು) ಆ ಅಂತರವನ್ನು ಬಯಲು ಮಾಡುತ್ತದೆ.

ಹೊಟ್ಟೆಯೊಳಗಿನ ಹೊಕ್ಕುಳ ಅಭಿಧಮನಿ 15ನೇ ವಾರದಲ್ಲಿ ಸುಮಾರು 3 ಮಿ.ಮೀ. ಇದ್ದದ್ದು ದಿನ ತುಂಬುವಾಗ 8ರ ಹತ್ತಿರ ಬರುತ್ತದೆ. ಇದರ ಉಬ್ಬನ್ನು, ಅಂದರೆ ವೇರಿಕ್ಸನ್ನು ಗುರುತಿಸಲು 9 ಮಿ.ಮೀ. ಎಂಬ ಒಂದೇ ಗೆರೆ ಹಿಡಿದರೆ 22ನೇ ವಾರದ 7.5 ಮಿ.ಮೀ. ಉಬ್ಬು ಕೈತಪ್ಪುತ್ತದೆ. ವಾರಕ್ಕೆ ತಕ್ಕ ಝಡ್ ಸ್ಕೋರ್ (ಸರಾಸರಿಯಿಂದ ಎಷ್ಟು ಮಾನಕ ವಿಚಲನೆ ದೂರ ಎಂಬ ಅಂಕ) ಅದನ್ನು ಹಿಡಿಯುತ್ತದೆ.