ತಗ್ಗಿಸಿದ ಕಾರಿನ ಟೈರು ತಿನ್ನುವುದು ಯಾವುದು?

ಸ್ಪ್ರಿಂಗ್ ಬದಲಿಸಿ ಕಾರಿನ ಎತ್ತರ ತಗ್ಗಿಸಿದವರು ಕೆಲವು ತಿಂಗಳಲ್ಲೇ ಟೈರಿನ ಸವೆದ ಒಳಅಂಚು ತೋರಿಸಿಕೊಂಡು ಬರುತ್ತಾರೆ. ಪ್ರಶ್ನೆಯೂ ಒಂದೇ: "ಕ್ಯಾಂಬರ್ ಜಾಸ್ತಿ ಆಗಿದೆ, ಅಲ್ವಾ ಸಾರ್?" ಬಹುತೇಕ ಸಲ ಅಪರಾಧಿ ಕ್ಯಾಂಬರ್ ಅಲ್ಲ, ಟೋ. ಎದುರಿಗೆ ನಿಂತು ನೋಡಿದಾಗ ಚಕ್ರ ಎಷ್ಟು ವಾಲಿದೆ ಅನ್ನುವುದು ಕ್ಯಾಂಬರ್. ಮೇಲಿನಿಂದ ನೋಡಿದಾಗ ಚಕ್ರದ ಮೂತಿ ಒಳಕ್ಕೆ ತಿರುಗಿದೆಯೋ ಹೊರಕ್ಕೋ ಅನ್ನುವುದು ಟೋ. ಎತ್ತರ ಇಳಿಸಿದರೆ ಎರಡೂ ಬದಲಾಗುತ್ತವೆ, ಆದರೆ ಕಣ್ಣಿಗೆ ಕಾಣುವುದು ಕ್ಯಾಂಬರ್ ಒಂದೇ. ಅದಕ್ಕೇ ಬೈಗುಳವೆಲ್ಲ ಅದರ ಪಾಲಿಗೆ.

ಲೆಕ್ಕ ಹಾಕಿ ನೋಡಿ. 195/50 ಆರ್15 ಟೈರಿನ ಎತ್ತರ ಸುಮಾರು 576 ಮಿ.ಮೀ. ಎಡಬಲ ಸೇರಿ 5 ಮಿ.ಮೀ. ಟೋ ಇದೆ (ಎರಡು ಚಕ್ರಗಳ ಮುಂದಿನ ಅಂಚುಗಳ ಅಂತರಕ್ಕೂ ಹಿಂದಿನ ಅಂಚುಗಳ ಅಂತರಕ್ಕೂ ಅಷ್ಟು ವ್ಯತ್ಯಾಸ) ಅಂದರೆ ಒಂದು ಚಕ್ರಕ್ಕೆ ಕಾಲು ಡಿಗ್ರಿ. ಬರಿಗಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಆ ಟೈರು ಪ್ರತಿ ಕಿಲೋಮೀಟರಿಗೆ 4 ಮೀಟರಿಗೂ ಹೆಚ್ಚು ಅಡ್ಡಡ್ಡ ಉಜ್ಜಿಕೊಂಡು ಹೋಗುತ್ತದೆ, ತುರಿಮಣೆಗೆ ಕ್ಯಾರೆಟ್ ಎಳೆದ ಹಾಗೆ. ಆ ಉಜ್ಜಾಟವನ್ನೆಲ್ಲ ಒಳಅಂಚಿನ ಮೇಲೆ ಹೇರುವುದಷ್ಟೇ ಕ್ಯಾಂಬರ್ ಮಾಡುವ ಕೆಲಸ.

ನನ್ನ ಕೈಗೆ ಹೆಚ್ಚು ಬರುವುದು ಮಜ್ದಾ ಎಂಎಕ್ಸ್-5, ಅದರಲ್ಲೂ 1989ರಲ್ಲಿ ಹೊರಬಂದ ಮೊದಲ ತಲೆಮಾರಿನದು. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಮಿಯಾಟಾ ಅಂತಲೇ ಕರೆಯುವುದು. ಎರಡೇ ಸೀಟು, ಹತ್ತಿರಹತ್ತಿರ ಒಂದು ಟನ್ ತೂಕ, ನಾಲ್ಕೂ ಚಕ್ರಕ್ಕೆ ಡಬಲ್ ವಿಷ್‌ಬೋನ್, ಅಂದರೆ ಮೇಲೊಂದು ಕೆಳಗೊಂದು ಆರ್ಮ್ ಚಕ್ರವನ್ನು ಹಿಡಿಯುವ ಸಸ್ಪೆನ್ಷನ್. ಕೆಳಗಿನ ಒಂದೊಂದು ಆರ್ಮ್‌ನ ಬುಡದಲ್ಲಿ ಎರಡೆರಡು ಕ್ಯಾಮ್ ಬೋಲ್ಟ್, ತಿರುಗಿಸಿದರೆ ಆರ್ಮ್ ಅತ್ತಿತ್ತ ಸರಿಯುತ್ತದೆ. ಮುಂದಿನವುಗಳಲ್ಲಿ ಕ್ಯಾಂಬರ್ ಮತ್ತು ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಸ್ಟಿಯರಿಂಗ್ ಅಕ್ಷ ಎಷ್ಟು ವಾಲಿದೆ ಅನ್ನುವುದು), ಹಿಂದಿನವುಗಳಲ್ಲಿ ಕ್ಯಾಂಬರ್ ಮತ್ತು ಟೋ ಹೊಂದಿಸಬಹುದು. ಊರಲ್ಲಿ ಪೋಲೋ, ಸ್ವಿಫ್ಟ್ ತಗ್ಗಿಸುವವರಿಗೆ ಈ ಭಾಗ್ಯವಿಲ್ಲ. ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರ ಜೋಡಿಸುವ ಒಂದೇ ತೊಲೆ), ಅಲ್ಲಿ ತಿರುಗಿಸಲು ಏನೂ ಇಲ್ಲ. ಮುಂದೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಕಂಬ), ಹೆಚ್ಚುಕಡಿಮೆ ಟೋ ಒಂದೇ ನಮ್ಮ ಕೈಯಲ್ಲಿರುವುದು.

ಆದರೆ ಮೂವತ್ತು ವರ್ಷ ಹಳೆಯ ಕಾರಿನಲ್ಲಿ ಈ ಕ್ಯಾಮ್ ಬೋಲ್ಟುಗಳು ಬುಷ್ (ಆರ್ಮ್ ಬುಡದ ರಬ್ಬರ್ ಕೀಲು) ಒಳಗಿನ ಕೊಳವೆಗೆ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ. ಅಲೈನ್‌ಮೆಂಟ್ ಮೆಷಿನ್ (ಚಕ್ರದ ಕೋನ ಅಳೆದು ಹೊಂದಿಸುವುದು) ಮೇಲೆ ಹತ್ತಿಸುವ ಮುಂಚೆಯೇ ಎಂಟನ್ನೂ ಸಡಿಲಿಸಿ ನೋಡುತ್ತೇನೆ. ಒಂದು ತಿರುಗದಿದ್ದರೂ ಆವತ್ತು ಅಲೈನ್‌ಮೆಂಟ್ ಮಾಡುವುದಿಲ್ಲ.

ಕೆಲಸದ ಸರದಿ ತಪ್ಪಬಾರದು: ಮೊದಲು ಎತ್ತರ, ಆಮೇಲೆ ಚಕ್ರ, ಕೊನೆಗೆ ಅಲೈನ್‌ಮೆಂಟ್. ಇಲ್ಲಿ ಎಲ್ಲರೂ ಮರೆಯುವುದು ರಬ್ಬರ್ ಬುಷ್. ಕಾರನ್ನು ಲಿಫ್ಟಿನಲ್ಲಿ ತೂಗುಹಾಕಿ ಆರ್ಮ್ ಬೋಲ್ಟು ಬಿಗಿದರೆ, ಕಾರು ನೆಲಕ್ಕಿಳಿದ ಮೇಲೆ ಬುಷ್ ತಿರುಚಿಕೊಂಡೇ ಇರುತ್ತದೆ. ಅದೂ ಒಂದು ಸ್ಪ್ರಿಂಗಿನಂತೆ ಕಾರನ್ನು ಎತ್ತಿ ಹಿಡಿಯುತ್ತದೆ, ಬೇಗ ಹರಿಯುತ್ತದೆ, ಅಳೆದ ಎತ್ತರ ಸುಳ್ಳಾಗುತ್ತದೆ. ಚಕ್ರದ ಮೇಲೆ ಭಾರ ಕೂತಿರುವಾಗಲೇ ಬಿಗಿಯಬೇಕು.

ಚಕ್ರದ ವಿಷಯಕ್ಕೆ ಬರೋಣ. ಹಳೆಯ ಮಿಯಾಟಾದ ಕಂಪನಿ ರಿಮ್ಮು 14 ಇಂಚು, ಅಗಲ ಐದೂವರೆ, ಆಫ್‌ಸೆಟ್ 45 ಮಿ.ಮೀ. ಆಫ್‌ಸೆಟ್ ಅಂದರೆ ರಿಮ್ಮಿನ ನಡುಗೆರೆಯಿಂದ ಅದು ಹಬ್ಬಿಗೆ ಕೂರುವ ಮುಖ ಎಷ್ಟು ಹೊರಗಿದೆ ಅನ್ನುವುದು. ಹುಡುಗರು ಆಸೆಪಡುವುದು 15ಕ್ಕೆ 8, ಆಫ್‌ಸೆಟ್ 25. ರಿಮ್ಮಿನ ಅರ್ಧ ಅಗಲದಲ್ಲಿ ಆಫ್‌ಸೆಟ್ ಕಳೆದರೆ ಹೊರಅಂಚು ಹಬ್‌ನಿಂದ, ಅಂದರೆ ರಿಮ್ಮು ಕೂರುವ ಜಾಗದಿಂದ, ಎಷ್ಟು ದೂರ ಅನ್ನುವುದು ಸಿಗುತ್ತದೆ, ಕೂಡಿದರೆ ಒಳಅಂಚು. ಹಾಗೆ ಲೆಕ್ಕ ಹಾಕಿದರೆ ಹೊರಅಂಚು ಸುಮಾರು 52 ಮಿ.ಮೀ. ಆಚೆ ಬರುತ್ತದೆ, ಒಳಅಂಚು 12 ಮಿ.ಮೀ. ಒಳಗೆ ಹೋಗುತ್ತದೆ. ಐವತ್ತೆರಡು ಅಂದರೆ ಮೂರು ಬೆರಳಿನಷ್ಟು! ಮಡ್‌ಗಾರ್ಡಿನ ಒಳತುಟಿ ಮಡಚದೆ ಇದು ಕೂರುವುದು ಕಷ್ಟ.

ನಿಂತ ಕಾರಿನ ಮಡ್‌ಗಾರ್ಡಿಗೂ ಟೈರಿಗೂ ನಡುವೆ ಬೆರಳು ತೂರಿಸಿ "ಜಾಗ ಇದೆ" ಅಂದರೆ ನಾನು ಒಪ್ಪುವುದಿಲ್ಲ. ಸ್ಪ್ರಿಂಗ್ ತೆಗೆದು, ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಮತ್ತು ಬಂಪ್ ಸ್ಟಾಪ್ (ಚಕ್ರ ಮೇಲೇರುವುದನ್ನು ಕೊನೆಗೆ ತಡೆಯುವ ರಬ್ಬರ್) ಮಾತ್ರ ಹಾಕಿ, ಹಬ್ಬನ್ನು ಜ್ಯಾಕಿನಿಂದ ಪೂರ್ತಿ ಮೇಲಕ್ಕೆ ಎತ್ತಿ ನೋಡಬೇಕು. ಡಬಲ್ ವಿಷ್‌ಬೋನ್‌ನಲ್ಲಿ ಚಕ್ರ ಮೇಲೇರಿದಂತೆ ಅದರ ತಲೆ ಒಳಕ್ಕೆ ವಾಲುವುದರಿಂದ, ತಾಗುತ್ತದೆ ಅಂದುಕೊಂಡದ್ದು ಕೆಲವೊಮ್ಮೆ ತಾಗುವುದಿಲ್ಲ. ಮುಂದಿನ ಚಕ್ರವನ್ನು ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿಯೂ ನೋಡಬೇಕು. ಹೊರಗಿನ ಕಂಪನಿಯ ರಿಮ್ಮಿನ ನಡುತೂತು ಸಾಮಾನ್ಯವಾಗಿ ಹಬ್ಬಿಗಿಂತ ದೊಡ್ಡದಿರುತ್ತದೆ, ಮಿಯಾಟಾದ ಹಬ್ಬು 54.1 ಮಿ.ಮೀ.; ನಡುವೆ ರಿಂಗ್ ಹಾಕಿ.

ಇನ್ನು ಅಲೈನ್‌ಮೆಂಟ್. ಮಾಲೀಕರನ್ನು ಸೀಟಿನಲ್ಲಿ ಕೂರಿಸಿ, ಇಲ್ಲವೇ ಅವರ ತೂಕದ ಮರಳಿನ ಚೀಲ ಇಟ್ಟು ಅಳೆಯುತ್ತೇನೆ. ಒಂದು ಟನ್ನಿನ ಕಾರಿಗೆ ಎಪ್ಪತ್ತೈದು ಕೆ.ಜಿ. ಚಿಲ್ಲರೆಯಲ್ಲ. ಹಿಂದಿನ ಚಕ್ರ ಮೊದಲು, ಯಾಕೆಂದರೆ ಕಾರು ಯಾವ ದಿಕ್ಕಿಗೆ ನೇರ ಅನ್ನುವುದನ್ನು ನಿರ್ಧರಿಸುವುದು ಅವೇ. ಆಮೇಲೆ ಮುಂದೆ: ಕ್ಯಾಸ್ಟರ್, ಕ್ಯಾಂಬರ್, ಎಲ್ಲಕ್ಕೂ ಕೊನೆಗೆ ಟೋ. ಕ್ಯಾಂಬರ್ ಮುಟ್ಟಿದರೆ ಟೋ ಕದಲುವುದರಿಂದ ತಿರುಗಾಮುರುಗಾ ಮಾಡಿದರೆ ಕೆಲಸ ದಂಡ.

ದಿನಬಳಕೆಯ ರಸ್ತೆ ಕಾರಿಗೆ ನಾನು ಕೊಡುವುದು ಕ್ಯಾಂಬರ್ ಮುಂದೆ ಮೈನಸ್ 1.3 ಡಿಗ್ರಿಯ ಸುತ್ತಮುತ್ತ (ಮೈನಸ್ ಅಂದರೆ ಚಕ್ರದ ತಲೆ ಒಳಕ್ಕೆ), ಹಿಂದೆ ಮೈನಸ್ 1.8, ಕ್ಯಾಸ್ಟರ್ 5ರ ಹತ್ತಿರ. ಮುಂದಿನ ಟೋ ಸೊನ್ನೆ, ಹಿಂದೆ ಒಟ್ಟು 2 ಮಿ.ಮೀ. ಒಳಕ್ಕೆ. ಹಿಂದಿನ ಟೋ ಹೊರಕ್ಕೆ ಬಿಟ್ಟ ಕಾರನ್ನು ತಿರುವಿನಲ್ಲಿ ಬ್ರೇಕ್ ಹಿಡಿದು ನೋಡಿದವರಿಗೇ ಗೊತ್ತು ಅದರ ಭಯ.

ಮೆಷಿನ್ ಕೊಡುವ ಚೀಟಿಯಲ್ಲಿ ಕೆಂಪು ಕಂಡರೆ ಗಾಬರಿ ಬೇಡ. ಆ ಹಸಿರು ಮಿತಿ ಕಂಪನಿಯ ಎತ್ತರಕ್ಕೆ ಬರೆದದ್ದು, ನೀವು 40 ಮಿ.ಮೀ. ಇಳಿಸಿದ್ದು ಅದಕ್ಕೆ ತಿಳಿಯದು. ನೋಡಬೇಕಾದ್ದು ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸ, ಕ್ಯಾಂಬರ್‌ನಲ್ಲಿ 0.2 ಡಿಗ್ರಿ ಮೀರಿದರೆ ನಾನು ಮತ್ತೆ ಬೋಲ್ಟು ಸಡಿಲಿಸುತ್ತೇನೆ. ಹೊಸ ಸ್ಪ್ರಿಂಗ್ ಕೆಲವು ನೂರು ಕಿಲೋಮೀಟರಿನಲ್ಲಿ ಒಂದಿಷ್ಟು ಕುಸಿಯುತ್ತದೆ. ಆಗ ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಪರೀಕ್ಷಿಸಿ, ಎತ್ತರ ಅಳೆದು, ಟೋ ಒಂದನ್ನಾದರೂ ಇನ್ನೊಮ್ಮೆ ನೋಡಿಸಿ.