ಇನ್ನೂ ರೂಪುಗೊಳ್ಳದ ಆಟಗಾರನನ್ನು ಅಳೆಯುವುದು

1998ರ ಮೊದಲ ತಿಂಗಳುಗಳಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡ ಇಂಡಿಯಾನಾಪೊಲಿಸ್ ಕೋಲ್ಟ್ಸ್‌ನ ಅಭಿಮಾನಿಗಳ ನಡುವೆ ಒಂದು ವಾದ ಜೋರಾಗಿತ್ತು. ಹಿಂದಿನ ಋತುವಿನ 16 ಪಂದ್ಯಗಳಲ್ಲಿ 13 ಸೋತಿದ್ದ ತಂಡಕ್ಕೆ ಆ ವರ್ಷದ ಡ್ರಾಫ್ಟ್‌ನಲ್ಲಿ, ಅಂದರೆ ಕಾಲೇಜು ಆಟಗಾರರ ಆಯ್ಕೆಯಲ್ಲಿ, ಮೊದಲ ಸರದಿ ಸಿಕ್ಕಿತ್ತು. ಟೆನ್ನೆಸ್ಸೀ ವಿಶ್ವವಿದ್ಯಾಲಯದ ಪೇಟನ್ ಮ್ಯಾನಿಂಗ್ ಬೇಕೋ, ವಾಷಿಂಗ್ಟನ್ ಸ್ಟೇಟ್‌ನ ರಯಾನ್ ಲೀಫ್ ಬೇಕೋ? ಮ್ಯಾನಿಂಗ್ ಆಟವನ್ನು ಓದುವುದರಲ್ಲಿ ಪಳಗಿದವರು ಎಂದು ಕೆಲವರು, ಲೀಫ್ ತೋಳಿನಲ್ಲಿ ಬಲ ಹೆಚ್ಚು, ಬೆಳೆಯಲು ಜಾಗವೂ ಹೆಚ್ಚು ಎಂದು ಇನ್ನು ಕೆಲವರು. ಕೋಲ್ಟ್ಸ್ ಮ್ಯಾನಿಂಗ್ ಅವರನ್ನು ಆರಿಸಿತು. ಎರಡನೇ ಸರದಿಯ ಸ್ಯಾನ್ ಡಿಯೇಗೊ ಚಾರ್ಜರ್ಸ್ ಪಾಲಿಗೆ ಲೀಫ್ ಬಂದರು. ಮ್ಯಾನಿಂಗ್ ಐದು ಬಾರಿ ಲೀಗ್‌ನ ಅತ್ಯುತ್ತಮ ಆಟಗಾರರಾದರು, ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಎರಡು ಬಾರಿ ಗೆದ್ದರು. ಲೀಫ್ ಆಡಿದ್ದು 25 ಪಂದ್ಯ. ಟಚ್‌ಡೌನ್ ಆಗಿ ಅಂಕ ತಂದ ಎಸೆತ 14, ಎದುರಾಳಿಯ ಕೈ ಸೇರಿದ್ದು 36.

ಅಮೆರಿಕನ್ ಫುಟ್‌ಬಾಲ್ ನೋಡದವರಿಗೆ ಒಂದೆರಡು ಮಾತು. ಮ್ಯಾನಿಂಗ್, ಲೀಫ್ ಇಬ್ಬರೂ ಕ್ವಾರ್ಟರ್‌ಬ್ಯಾಕ್‌ಗಳು. ತಂಡದ ದಾಳಿಯೆಲ್ಲ ಕ್ವಾರ್ಟರ್‌ಬ್ಯಾಕ್‌ನ ಕೈಯಿಂದಲೇ ಶುರು. ಭಾರೀ ಮೈಕಟ್ಟಿನ ಎದುರಾಳಿಗಳು ಮೇಲೆ ನುಗ್ಗಿ ಬರುತ್ತಿರುವಾಗ ಸುಮಾರು ಮೂರು ಸೆಕೆಂಡಿನೊಳಗೆ ಯಾರಿಗೆ ಎಸೆಯಬೇಕೆಂದು ಅವನು ನಿರ್ಧರಿಸಿ ಎಸೆಯಬೇಕು. ಕಾಲೇಜು ಆಟ ಮುಗಿಸಿದ ಹುಡುಗರನ್ನು ವೃತ್ತಿಪರ ಲೀಗ್‌ನ 32 ತಂಡಗಳು ಪ್ರತಿ ಏಪ್ರಿಲ್‌ನಲ್ಲಿ ಸರದಿಯಂತೆ ಆರಿಸಿಕೊಳ್ಳುತ್ತವೆ. ಇದೇ ಡ್ರಾಫ್ಟ್. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ. ಹೀಗಾಗಿ ಸೋತು ಬೇಸತ್ತ ಊರಿನವರೇ ಅತಿ ದೊಡ್ಡ ನಿರ್ಧಾರದ ಬಗ್ಗೆ ತಿಂಗಳುಗಟ್ಟಲೆ ವಾದ ಮಾಡುತ್ತಾರೆ.

ಲೀಫ್ ಬೇಡವೆಂದು ಆಗಲೇ ಎಲ್ಲರಿಗೂ ಗೊತ್ತಿತ್ತು ಎಂದು ಈಗ ಹೇಳುವುದು ಸುಲಭ. ಆದರೆ ಮ್ಯಾನಿಂಗ್ ಕೂಡ ಮೊದಲ ವರ್ಷ 28 ಎಸೆತಗಳನ್ನು ಎದುರಾಳಿಗೆ ಒಪ್ಪಿಸಿದ್ದರು. ಹೊಸ ಆಟಗಾರನೊಬ್ಬನ ಮಟ್ಟಿಗೆ ಅದು ದಾಖಲೆ. ತಂಡ ಮತ್ತೆ 13 ಪಂದ್ಯ ಸೋತಿತು. ನಡೆದುಹೋದದ್ದು ಮೊದಲೇ ಗೊತ್ತಿತ್ತೆಂದು ನೆನಪೇ ನಮ್ಮನ್ನು ನಂಬಿಸುತ್ತದೆ. 1972ರಲ್ಲಿ ಅಧ್ಯಕ್ಷ ನಿಕ್ಸನ್ ಚೀನಾ ಮತ್ತು ಮಾಸ್ಕೋಗೆ ಹೊರಟಾಗ ಮನಶ್ಶಾಸ್ತ್ರಜ್ಞ ಬರೂಕ್ ಫಿಶಾಫ್ ಮತ್ತು ರೂತ್ ಬೇಯ್ತ್ ಇದನ್ನು ಪರೀಕ್ಷಿಸಿದರು. ಭೇಟಿಯಲ್ಲಿ ಏನೇನು ನಡೆಯಬಹುದು, ಪ್ರತಿಯೊಂದಕ್ಕೂ ಎಷ್ಟು ಸಾಧ್ಯತೆ ಎಂದು ಕೆಲವರಿಂದ ಮೊದಲೇ ಬರೆಸಿಕೊಂಡರು. ಭೇಟಿ ಮುಗಿದ ಮೇಲೆ, ಆಗ ನೀವು ಬರೆದದ್ದು ಏನು ಎಂದು ಅವರನ್ನೇ ಕೇಳಿದರು. ನಿಜವಾಗಿ ನಡೆದದ್ದಕ್ಕೆ ತಾವು ಹೆಚ್ಚಿನ ಸಾಧ್ಯತೆ ಕೊಟ್ಟಿದ್ದೆವು ಎಂದೇ ಬಹುಪಾಲು ಜನ ನೆನಪಿಸಿಕೊಂಡರು. ಸುಳ್ಳು ಹೇಳುವ ಉದ್ದೇಶ ಅವರಿಗಿರಲಿಲ್ಲ.

ಹಾಗಾದರೆ ಹೆಚ್ಚು ನೋಡಿದವರು, ಹೆಚ್ಚು ಓದಿದವರು ಸರಿಯಾಗಿ ಹೇಳಬಲ್ಲರೇ? ಈ ಪ್ರಶ್ನೆಗೆ ನನಗೆ ತಿಳಿದ ಅತ್ಯಂತ ಗಟ್ಟಿ ಉತ್ತರ ಕುದುರೆ ಜೂಜಿನ ಕಡೆಯಿಂದ ಬಂದದ್ದು. 1970ರ ದಶಕದ ಆರಂಭದಲ್ಲಿ ಪಾಲ್ ಸ್ಲೋವಿಕ್ ಎಂಬ ಸಂಶೋಧಕರು, ರೇಸಿನ ಫಲಿತಾಂಶ ಊಹಿಸುವುದರಲ್ಲಿ ನುರಿತ ಎಂಟು ಜನರಿಗೆ ಹಳೆಯ ರೇಸುಗಳ ಮಾಹಿತಿ ಕೊಟ್ಟರು. ಮೊದಲು ಪ್ರತಿ ಕುದುರೆಯ ಬಗ್ಗೆ ಅವರೇ ಆರಿಸಿದ ಐದು ವಿವರ, ಆಮೇಲೆ 10, 20, ಕೊನೆಗೆ 40. ವಿವರ ಎಂಟು ಪಟ್ಟಾದರೂ ಊಹೆ ಸರಿಯಾಗುವ ಪ್ರಮಾಣ ಇದ್ದಲ್ಲೇ ಇತ್ತು. ಬೆಳೆದದ್ದು ಅವರ ಆತ್ಮವಿಶ್ವಾಸ ಮಾತ್ರ, ಅದೂ ಹತ್ತಿರಹತ್ತಿರ ಎರಡು ಪಟ್ಟು. ಒಬ್ಬ ಹುಡುಗನ ಆಟದ ವಿಡಿಯೊವನ್ನು ರಾತ್ರಿಯೆಲ್ಲ ನೋಡಿದ ಅಭಿಮಾನಿಯ ದನಿ ಏಕೆ ಅಷ್ಟು ಗಟ್ಟಿಯಾಗಿರುತ್ತದೆ ಎಂಬುದು ಇದರಿಂದ ನನಗೆ ಅರ್ಥವಾಗುತ್ತದೆ. ಅವರ ಶ್ರಮ ನಿಜವಾದದ್ದು. ಅದರಿಂದ ಬರುವ ಖಚಿತತೆಯನ್ನು ಮಾತ್ರ ನಂಬುವಂತಿಲ್ಲ.

ಅಂಕಿ ಅಂಶಕ್ಕೂ ಮಿತಿಯಿದೆ. ಕಾಲೇಜಿನ ಒಂದು ಋತುವಿನಲ್ಲಿ ಒಬ್ಬ ಕ್ವಾರ್ಟರ್‌ಬ್ಯಾಕ್ 400 ಎಸೆತ ಎಸೆದು, 100ಕ್ಕೆ 60ರಂತೆ ಗುರಿ ಮುಟ್ಟಿಸಿದ ಎನ್ನೋಣ. ಅವನ ಕೌಶಲ ಒಂದಿಷ್ಟೂ ಬದಲಾಗದೆ, ಬರೀ ಅದೃಷ್ಟದ ಏರಿಳಿತದಿಂದಲೇ ಆ 60 ಎಂಬುದು 55 ಆಗಬಹುದು, 65 ಕೂಡ ಆಗಬಹುದು. ಇಬ್ಬರು ಹುಡುಗರ ನಡುವಿನ ನಾಲ್ಕು ಅಂಕದ ಅಂತರವನ್ನು ಹಿಡಿದು ವಾದ ಬೆಳೆಸುವಾಗ ಆ ಅಂತರವೇ ಇಲ್ಲದಿರಬಹುದು. ಜೊತೆಗೆ ಒಬ್ಬನ ಚೆಂಡು ಹಿಡಿಯುವವರು ಚುರುಕಾಗಿರುತ್ತಾರೆ, ಇನ್ನೊಬ್ಬನ ಎದುರಾಳಿಗಳು ದುರ್ಬಲರಾಗಿರುತ್ತಾರೆ.

ತಂಡಗಳು ತಮ್ಮದೇ ಪರೀಕ್ಷೆಗಳನ್ನೂ ಇಟ್ಟುಕೊಂಡಿವೆ. 40 ಗಜದ ಓಟವನ್ನು ಟಾಮ್ ಬ್ರೇಡಿ 2000ದಲ್ಲಿ ಓಡಿದ್ದು 5.28 ಸೆಕೆಂಡಿನಲ್ಲಿ. ಅದು ನಿಧಾನವೇ. ಅವರಿಗೆ ಸಿಕ್ಕಿದ್ದು 199ನೇ ಸರದಿ, ಗೆದ್ದದ್ದು ಏಳು ಸೂಪರ್ ಬೌಲ್. 12 ನಿಮಿಷದಲ್ಲಿ 50 ಪ್ರಶ್ನೆ ಬಿಡಿಸಬೇಕಿದ್ದ ವಂಡರ್‌ಲಿಕ್ ಪರೀಕ್ಷೆಯನ್ನು ಲೀಗ್ 2022ರಲ್ಲಿ ಕೈಬಿಟ್ಟಿತು. ಇಂಥ ಪರೀಕ್ಷೆಗಳು ಸೋಲುವುದಕ್ಕೆ ಒಂದು ಕಾರಣ, ಅಲ್ಲಿಗೆ ಬರುವ ಹೊತ್ತಿಗೆ ಹುಡುಗರೆಲ್ಲ ಹಲವು ಜರಡಿ ದಾಟಿರುತ್ತಾರೆ ಎಂಬುದು. ತೋಳಿನಲ್ಲಿ ಬಲವಿಲ್ಲದವನು ಅಷ್ಟು ದೂರ ಬಂದಿದ್ದಾನೆಂದರೆ ಬೇರೊಂದು ಗುಣ ಅವನನ್ನು ಎತ್ತಿರುತ್ತದೆ. ಉಳಿದವರ ನಡುವೆ ತೋಳಿನ ಬಲದ ವ್ಯತ್ಯಾಸದಿಂದ ತಿಳಿಯುವುದು ಬಹಳ ಕಡಿಮೆ.

ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್, ಮುಂದೆ 2017ರಲ್ಲಿ ನೊಬೆಲ್ ಪಡೆದವರು, ಕೇಡ್ ಮ್ಯಾಸಿ ಜೊತೆ ಸೇರಿ ಹಲವು ವರ್ಷಗಳ ಡ್ರಾಫ್ಟ್ ದಾಖಲೆ ಜಾಲಾಡಿದರು. ಅವರ ಪ್ರಶ್ನೆ ಸರಳವಾಗಿತ್ತು: ಒಂದೇ ಸ್ಥಾನದಲ್ಲಿ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು, ಅವನ ನಂತರ ಆಯ್ಕೆಯಾದವನಿಗಿಂತ ಮೇಲು ಎನಿಸಿಕೊಳ್ಳುವುದು ಎಷ್ಟು ಸಲ? ಉತ್ತರ ಸುಮಾರು ಶೇ 52. ಲಕ್ಷಾಂತರ ಡಾಲರ್ ಸುರಿದು, ಆಟಗಾರರನ್ನು ಹುಡುಕುತ್ತ ಊರೂರು ತಿರುಗುವ ಸ್ಕೌಟ್‌ಗಳನ್ನು ಇಟ್ಟುಕೊಂಡ ಸಂಸ್ಥೆಗಳ ಸಾಧನೆ ನಾಣ್ಯ ಚಿಮ್ಮುವುದಕ್ಕಿಂತ ಒಂದು ಕೂದಲಷ್ಟು ಮೇಲೆ. ಇನ್ನೂ ಒಂದು ಮಾತು ಅವರು ಹೇಳಿದರು: ಮೇಲಿನ ಸರದಿಗಾಗಿ ತಂಡಗಳು ತೆರುವ ಬೆಲೆ ಅತಿಯಾಯಿತು, ಒಬ್ಬನಿಗಾಗಿ ಎಲ್ಲವನ್ನೂ ಒತ್ತೆಯಿಡುವ ಬದಲು ಹೆಚ್ಚು ಆಯ್ಕೆಗಳನ್ನು ಕೈಯಲ್ಲಿಟ್ಟುಕೊಳ್ಳುವುದು ಲೇಸು.

ಇಷ್ಟು ಜಾಣರಿಗೂ ಇದು ಏಕೆ ಕಷ್ಟ? ನನ್ನ ಮಟ್ಟಿಗೆ ಮುಖ್ಯ ಕಾರಣ ಒಂದೇ. ತಂಡಗಳು ಅಳೆಯಲು ಹೊರಟ ವಸ್ತು ಆ ದಿನ ಇನ್ನೂ ಹುಟ್ಟಿರುವುದಿಲ್ಲ. ಹುಡುಗನ ಕೌಶಲದ ದೊಡ್ಡ ಪಾಲು ಆಯ್ಕೆಯಾದ ಮೇಲೆ, ಆ ತಂಡದಲ್ಲಿ, ಆ ತರಬೇತುದಾರರ ಕೈಯಲ್ಲಿ ತಯಾರಾಗುತ್ತದೆ. ಜಾಷ್ ಆಲನ್ ಅವರನ್ನು ನೋಡಿ. ವಯೋಮಿಂಗ್ ವಿಶ್ವವಿದ್ಯಾಲಯದಲ್ಲಿ ಅವರ ಎಸೆತಗಳಲ್ಲಿ ಗುರಿ ಮುಟ್ಟಿದ್ದು ಶೇ 56. 2018ರಲ್ಲಿ ಬಫಲೊ ಬಿಲ್ಸ್ ಏಳನೇ ಸರದಿಯಲ್ಲಿ ಅವರನ್ನು ಆರಿಸಿದಾಗ ಅಂಕಿ ನೋಡಿದವರು ಬೇಡವೆಂಬಂತೆ ತಲೆಯಾಡಿಸಿದ್ದರು. ಮೊದಲ ವರ್ಷ ಅದು ಶೇ 52.8ಕ್ಕೆ ಇಳಿಯಿತು, ಅವರ ಅನುಮಾನ ನಿಜವೆಂಬಂತೆ. ಆಲನ್ ತಮ್ಮ ಎಸೆಯುವ ಭಂಗಿಯನ್ನೇ ತಿದ್ದಿಕೊಂಡರು, ದಾಳಿಯ ತರಬೇತುದಾರ ಬ್ರಯನ್ ಡೇಬಲ್ ಅವರಿಗೆ ಹೊಂದುವ ಆಟ ಹೆಣೆದರು, 2020ರಲ್ಲಿ ಸ್ಟೆಫಾನ್ ಡಿಗ್ಸ್ ಚೆಂಡು ಹಿಡಿಯಲು ಬಂದರು. ಆ ವರ್ಷ ಶೇ 69.2. 2024ರ ಋತುವಿಗೆ ಆಲನ್ ಲೀಗ್‌ನ ಅತ್ಯುತ್ತಮ ಆಟಗಾರ. ಅದೇ 2018ರಲ್ಲಿ ಮೂರನೇ ಸರದಿಯಲ್ಲಿ ನ್ಯೂಯಾರ್ಕ್ ಜೆಟ್ಸ್ ತಂಡ ಸೇರಿದ ಸ್ಯಾಮ್ ಡಾರ್ನೊಲ್ಡ್ ವಿಫಲರೆನಿಸಿ ತಂಡದಿಂದ ತಂಡಕ್ಕೆ ಅಲೆದರು. ನಾಲ್ಕನೆಯದಾದ ಮಿನ್ನೆಸೋಟ ವೈಕಿಂಗ್ಸ್‌ನಲ್ಲಿ, 2024ರಲ್ಲಿ, 14 ಪಂದ್ಯ ಗೆದ್ದರು.

ಹೀಗಿರುವಾಗ ಒಂದು ತಂಡ ಏನು ಮಾಡಬಹುದು ಎಂಬುದಕ್ಕೆ 2012ರ ವಾಷಿಂಗ್ಟನ್ ತಂಡದ ನಡೆ ನನಗೆ ಬಹಳ ಇಷ್ಟ, ಪೂರ್ತಿ ಅಲ್ಲ, ಅದರ ಎರಡನೇ ಅರ್ಧ. ರಾಬರ್ಟ್ ಗ್ರಿಫಿನ್ ಅವರಿಗಾಗಿ ಎರಡನೇ ಸರದಿ ಕೊಳ್ಳಲು ಅದು ಮೊದಲ ಸುತ್ತಿನ ಮೂರು ಆಯ್ಕೆ ಮತ್ತು ಎರಡನೇ ಸುತ್ತಿನ ಒಂದನ್ನು ತೆತ್ತಿತ್ತು. ಅಷ್ಟಾದ ಮೇಲೂ ನಾಲ್ಕನೇ ಸುತ್ತಿನಲ್ಲಿ, 102ನೇ ಸರದಿಯಲ್ಲಿ, ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಕರ್ಕ್ ಕಸಿನ್ಸ್ ಅವರನ್ನು ಸೇರಿಸಿಕೊಂಡಿತು. ಒಬ್ಬ ಕ್ವಾರ್ಟರ್‌ಬ್ಯಾಕ್‌ಗೆ ಅಷ್ಟು ತೆತ್ತ ಮೇಲೆ ಇನ್ನೊಬ್ಬ ಏಕೆ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಗ್ರಿಫಿನ್ ಮೊದಲ ವರ್ಷವೇ ಮಿಂಚಿದರು, ಮೊಣಕಾಲಿಗೆ ಗಾಯ ಮಾಡಿಕೊಂಡರು, ಮತ್ತೆ ಹಳೆಯ ಲಯಕ್ಕೆ ಮರಳಲಿಲ್ಲ. 2015ರ ಹೊತ್ತಿಗೆ ಆ ಜಾಗದಲ್ಲಿ ಆಡುತ್ತಿದ್ದವರು ಕಸಿನ್ಸ್.